ಅಲ್ಮಾಟಿಯಿಂದ ಉಷ್ತೋಬೆಗೆ: ಐದು ದಿನದ ಕಥೆ

ದಿನ 1

ಬಂದು ಮೂರು ವಾರ ಆಯ್ತು, ಇವತ್ತು ಬರೀತೀನಿ ನಾಳೆ ಬರೀತೀನಿ ಅಂತ ಮುಂದಕ್ಕೆ ಹಾಕ್ತಾನೇ ಇದ್ದೆ. ಟಿಕೆಟ್ಟು ಹೋಟ್ಲು ವಿಷ್ಯ ಜಾಸ್ತಿ ಹೇಳಲ್ಲ, ದೆಹಲಿಯಿಂದ ಅಲ್ಮಾಟಿಗೆ ನೇರ ಫ್ಲೈಟ್ ಇದೆ, ನಮ್ಮ ಪಾಸ್‌ಪೋರ್ಟಿಗೆ 14 ದಿನದವರೆಗೆ ವೀಸಾ ಬೇಡ, ಅಷ್ಟು ಗೊತ್ತಿದ್ರೆ ಸಾಕು. ಟೈಮ್ ಮಾತ್ರ ನೆನಪಿಟ್ಕೊಳ್ಳಿ. ಅಲ್ಲಿಗೂ ನಮಗೂ ಅರ್ಧ ಗಂಟೆ ಅಷ್ಟೇ ವ್ಯತ್ಯಾಸ, ಆದ್ರೆ ಅಕ್ಟೋಬರ್‌ನಲ್ಲಿ ಸಂಜೆ ಐದೂಕಾಲಿಗೆಲ್ಲಾ ಕತ್ತಲಾಗುತ್ತೆ, ನೋಡೋದೇನಿದ್ರೂ ಬೆಳಿಗ್ಗೆ ಬೇಗ ಹೊರಡಬೇಕು.

ಎಲ್ಲಾ ಬಿಟ್ಟು ಕಜಕಿಸ್ತಾನ ಯಾಕೆ ಅಂತ ಸುಮಾರು ಜನ ಕೇಳಿದ್ರು. ತಿಪಟೂರಿನ ನಮ್ಮ ತಾತನ ಮನೆಗೆ ಸೋವಿಯತ್ ಪತ್ರಿಕೆ ಬರ್ತಿತ್ತು, ಕನ್ನಡದಲ್ಲೇ. ಆ ನುಣುಪು ಕಾಗದದಲ್ಲಿ ಸ್ಕೂಲ್ ಪುಸ್ತಕಕ್ಕೆಲ್ಲಾ ಬೈಂಡ್ ಹಾಕ್ಕೊಂಡಿದ್ದು ನಮ್ಮ ವಯಸ್ಸಿನೋರಿಗೆ ನೆನಪಿರುತ್ತೆ. ನನ್ನ ಗಣಿತದ ಪುಸ್ತಕದ ಮೇಲೆ ಒಂದು ಫೋಟೋ ಇತ್ತು, ಬೇರೆ ಬೇರೆ ಜನಾಂಗದ ಹುಡುಗೀರು ಅವರವರ ಉಡುಪು ಹಾಕ್ಕೊಂಡು ಕೈ ಕೈ ಹಿಡ್ಕೊಂಡು ನಿಂತಿರೋದು. "ನೋಡೋ ಮಗಾ, ನೂರಕ್ಕೂ ಹೆಚ್ಚು ಜನಾಂಗ, ಒಂದೇ ದೇಶ, ನಮ್ಮ ಹಂಗೇ" ಅಂತ ತಾತ ಹೇಳೋರು. ಆ ಮಾತನ್ನ ತಾತ ಮನಸಾರೆ ನಂಬಿದ್ರು. ಆ ಫೋಟೋದಲ್ಲಿದ್ದೋರು ಈಗ ಎಲ್ಲಿದ್ದಾರೆ, ಹೆಂಗಿದ್ದಾರೆ ಅಂತ ನೋಡ್ಬೇಕು ಅನ್ನೋ ಆಸೆ ನನ್ನಲ್ಲಿ ಅವತ್ತಿಂದ ಇತ್ತು.

ನನ್ನ ಹೆಂಡತಿಯ ಕಲೀಗ್ ಒಬ್ಬರ ಅಕ್ಕನ ಮಗ ಅಲ್ಮಾಟಿಯಲ್ಲಿ ಎಂಬಿಬಿಎಸ್ ಓದ್ತಿದ್ದಾನೆ, ವಿಜಯಪುರದ ಹುಡುಗ. ಅವನೇ ಏರ್‌ಪೋರ್ಟಿಗೆ ಬಂದ. "ಅಣ್ಣಾರ, ಅಕ್ಕಾರ, ಆರಾಮದೀರಿಲ್ರಿ" ಅಂತ ಆ ಚಳೀಲಿ ಕನ್ನಡ ಕಿವಿಗೆ ಬಿದ್ದಾಗ ಆದ ಖುಷಿ ಹೇಳೋಕಾಗಲ್ಲ. ಐದು ದಿನಾನೂ ಅವನೇ ನಮ್ಮ ಬಾಯಿ, ನಮ್ಮ ಕಿವಿ.

ಮಧ್ಯಾಹ್ನ ಪಾನ್ಫಿಲೋವ್ ಪಾರ್ಕಿಗೆ ಹೋದ್ವಿ. ಸಣ್ಣ ಮಳೆ, ನೆಲದ ತುಂಬಾ ಹಳದಿ ಎಲೆ. ಪೂರ್ತಿ ಮರದಲ್ಲೇ ಕಟ್ಟಿರೋ ಬಣ್ಣಬಣ್ಣದ ಚರ್ಚಿನ ಮುಂದೆ ಎಲ್ಲರೂ ಫೋಟೋ ತೆಗೀತಾ ಇದ್ರು, ನಾವು ಅದನ್ನ ದಾಟಿ ಹಿಂದಿನ ಯುದ್ಧ ಸ್ಮಾರಕದ ಹತ್ರ ಹೋದ್ವಿ. 1975ರಲ್ಲಿ ಮಾಡಿದ್ದು. ಸೋವಿಯತ್‌ನ 15 ಗಣರಾಜ್ಯದ ಸೈನಿಕರ ಮುಖಗಳು ಕಪ್ಪು ಲೋಹದೊಳಗಿಂದ ನುಗ್ಗಿ ಹೊರಗೆ ಬರೋ ಹಂಗಿದೆ, ನಡುವಿನವನು ಎರಡೂ ಕೈ ಚಾಚಿ ನಿಂತಿದ್ದಾನೆ. ಎತ್ತರ ನೋಡಿದ್ರೆ ಕತ್ತು ನೋವು ಬರುತ್ತೆ. 1941ರಲ್ಲಿ ಈ ಊರಲ್ಲೇ ಕಟ್ಟಿದ 316ನೇ ಡಿವಿಷನ್‌ನ ನೆನಪಿಗೆ, ಕಜಕ್, ಕಿರ್ಗಿಜ್, ರಷ್ಯನ್ ಎಲ್ಲಾ ಸೇರಿ ಮಾಸ್ಕೋ ಉಳಿಸೋಕೆ ಹೋದೋರು. ಕೆಳಗೆ ಬರೆದಿರೋದನ್ನ ಹುಡುಗ ಓದಿ ಹೇಳಿದ, ರಷ್ಯಾ ವಿಶಾಲ, ಆದ್ರೆ ಹಿಂದೆ ಸರಿಯೋಕೆ ಜಾಗ ಇಲ್ಲ, ಬೆನ್ನ ಹಿಂದೆ ಮಾಸ್ಕೋ ಇದೆ, ಅಂತ. ಅಲ್ಮಾಟಿಯಿಂದ ಮಾಸ್ಕೋ ಎಷ್ಟು ದೂರ ಅಂತ ಮ್ಯಾಪಲ್ಲಿ ನೋಡಿದೆ, ಮೂರು ಸಾವಿರ ಕಿಲೋಮೀಟರ್ ಮೇಲಿದೆ. ಅಷ್ಟು ದೂರದ ಊರನ್ನ ನಂದು ಅಂದ್ಕೊಂಡು ಪ್ರಾಣ ಕೊಟ್ಟಿದ್ದಾರೆ, ಅದು ಸುಳ್ಳಲ್ಲ. ಮದುವೆ ಜೋಡಿಯೊಂದು ಬಂದು ಹೂವಿಟ್ಟು ಹೋಯ್ತು, ಹುಡುಗೀ ಬಿಳೀ ಗೌನ್ ಮಳೇಲಿ ನೆನೀತಾ ಇತ್ತು.

ದಿನ 2

ನಾವಿಬ್ಬರೂ ಸಸ್ಯಾಹಾರಿಗಳು. ಬೆಳಿಗ್ಗೆ ಸಮ್ಸಾ ಅಂತ ನಮ್ಮ ಸಮೋಸ ಥರದ್ದು ಬಿಸಿಬಿಸಿ ಕಂಡು ತಗೊಂಡೆ, ಒಂದು ಕಚ್ಚಿದ ಮೇಲೆ ಗೊತ್ತಾಯ್ತು ಒಳಗೆ ಮಾಂಸ ಅಂತ. ಹೊರಗೆ ಓಡಿಹೋಗಿ ಬಾಯಿ ತೊಳ್ಕೊಂಡೆ, ಅರ್ಧ ದಿನ ಹೊಟ್ಟೆ ಸರಿ ಇರಲಿಲ್ಲ. "ಬೆಸ್ ಮ್ಯಾಸಾ" ಅಂದ್ರೆ ಮಾಂಸ ಇಲ್ಲದ್ದು, ಈ ಎರಡು ಪದ ಬಾಯಿಪಾಠ ಮಾಡ್ಕೊಂಡೇ ಹೋಗಿ. ಆದ್ರೂ "ಆಲೂ ಇದೆಯಾ, ಕುಂಬಳಕಾಯಿ ಇದೆಯಾ" ಅಂತ ಬಿಡಿಸಿ ಕೇಳಿ.

ಹೊಟ್ಟೆಗೆ ದಾರಿ ಸಿಕ್ಕಿದ್ದು ಗ್ರೀನ್ ಬಜಾರಿನಲ್ಲಿ. ದೊಡ್ಡ ಹಳೇ ಮಾರ್ಕೆಟ್ಟು, ಒಂದು ಕಡೆ ಕುದುರೆ ಮಾಂಸ, ಒಂದು ಕಡೆ ಒಣದ್ರಾಕ್ಷಿ ಬಾದಾಮಿ, ಒಂದು ಕಡೆ ಕುರ್ತ್ ಅಂತ ಗಟ್ಟಿ ಮೊಸರು ಒಣಗಿಸಿದ ಉಪ್ಪುಪ್ಪು ಉಂಡೆ. ಅದರ ನಡುವೆ ಒಂದು ಸಾಲು ಪೂರ್ತಿ ಕೊರಿಯನ್ ಹೆಂಗಸರು, ದೊಡ್ಡ ದೊಡ್ಡ ತಟ್ಟೇಲಿ ಗೋಪುರದ ಹಂಗೆ ಕ್ಯಾರೆಟ್ ಸಲಾಡ್. ಮೊರ್ಕೊವ್ಚಾ ಅಂತಾರೆ. ಕ್ಯಾರೆಟ್ಟನ್ನ ದಾರದಷ್ಟು ಸಣ್ಣಕ್ಕೆ ಉದ್ದುದ್ದ ಹೆಚ್ಚಿ, ಉಪ್ಪು, ವಿನೆಗರ್, ಬೆಳ್ಳುಳ್ಳಿ, ಖಾರದಪುಡಿ, ಕೊತ್ತಂಬರಿ ಬೀಜದ ಪುಡಿ ಹಾಕಿ ಮೇಲಿಂದ ಕಾದ ಎಣ್ಣೆ ಸುರೀತಾರೆ. ಚುಂಯ್ ಅನ್ನೋ ಸದ್ದು, ಆ ವಾಸನೆ! ನನ್ನ ಹೆಂಡತಿ "ಅಯ್ಯೋ ಇದು ಒಗ್ಗರಣೆ ಕಣ್ರೀ, ಸಾಸಿವೆ ಒಂದಿಲ್ಲ ಅಷ್ಟೇ" ಅಂದ್ಳು. ಕೋಸಂಬರಿ ತಿಂದು ಬೆಳೆದ ನಾಲಿಗೆಗೆ ಬೇರೆ ಏನು ಬೇಕು, ಅಲ್ಲೇ ನಿಂತು ಕಾಲು ಕೆಜಿ ಮುಗಿಸಿದ್ವಿ.

ಮಾರ್ತಿದ್ದ ಆಂಟಿಗೆ ಐವತ್ತೈದು ಅರವತ್ತು ಇರಬಹುದು. ಕೊರಿಯಾದಲ್ಲಿ ಈ ಸಲಾಡ್ ಇಲ್ವಂತೆ. ಇಲ್ಲಿಗೆ ಬಂದಾಗ ಅವರ ಎಲೆಕೋಸು ಸಿಗಲಿಲ್ಲ, ಕ್ಯಾರೆಟ್ ಸಿಕ್ತು, ಅದಕ್ಕೇ ಉಪ್ಪು ಖಾರ ಹಾಕಿದ್ರು. "ಬಂದಾಗ" ಅಂತ ಆಯಮ್ಮ ಹೇಳಿದ್ದಕ್ಕೆ ಹುಡುಗ ಕೇಳಿದ, ಬಂದ್ರಾ, ತಂದ್ರಾ ಅಂತ. ಆಯಮ್ಮ ಚಾಕು ಕೆಳಗಿಟ್ಟು ನಮ್ಮನ್ನ ನೋಡಿದ್ರು. ತಂದ್ರು ಅಂದ್ರು. 1937ರಲ್ಲಿ ಸ್ಟಾಲಿನ್ ಮತ್ತು ಅವನ ಪ್ರಧಾನಿ ಮೊಲೊತೋವ್ ಸೈನ್ ಹಾಕಿದ ಒಂದು ಆರ್ಡರು, ಜಪಾನಿನ ಗೂಢಚಾರರು ನುಸುಳ್ತಾರೆ ಅನ್ನೋ ಕಾರಣ ಕೊಟ್ಟು ಸೋವಿಯತ್ ದೇಶದ ಪೂರ್ವದ ತುದೀಲಿ, ಕೊರಿಯಾ ಗಡಿ ಕಡೆ ಇದ್ದ ಸುಮಾರು 1,72,000 ಕೊರಿಯನ್ನರನ್ನ ಗೂಡ್ಸ್ ರೈಲಿಗೆ ತುಂಬಿ ಕಜಕಿಸ್ತಾನಕ್ಕೂ ಉಜ್ಬೆಕಿಸ್ತಾನಕ್ಕೂ ಸಾಗಿಸಿದ್ರು. "ಅಷ್ಟು ಆಸಕ್ತಿ ಇದ್ರೆ ಉಷ್ತೋಬೆಗೆ ಹೋಗಿ, ನಮ್ಮ ದೊಡ್ಡಮ್ಮ ಇದ್ದಾರೆ ಅಲ್ಲಿ, ನಾನು ಫೋನ್ ಮಾಡಿ ಹೇಳ್ತೀನಿ" ಅಂದ್ರು. ನಮ್ಮ ಪ್ಲಾನಲ್ಲಿ ಮೂರನೇ ದಿನ ಚಾರಿನ್ ಕಣಿವೆ ಇತ್ತು. ಅಲ್ಲೇ ಕ್ಯಾನ್ಸಲ್ ಮಾಡಿದ್ವಿ, ಅದಕ್ಕೆ ಇವತ್ತಿಗೂ ಬೇಜಾರಿಲ್ಲ.

ಸಂಜೆ ರಿಪಬ್ಲಿಕ್ ಸ್ಕ್ವೇರು. ಮೊದಲು ಇದರ ಹೆಸರು ಬ್ರೆಜ್ನೆವ್ ಚೌಕ. ಅಲ್ಲಿಂದ ಸ್ವಲ್ಪ ದೂರದಲ್ಲಿ ಝೆಲ್ತೋಕ್ಸಾನ್ ರಸ್ತೆ, ಝೆಲ್ತೋಕ್ಸಾನ್ ಅಂದ್ರೆ ಡಿಸೆಂಬರ್. ರಸ್ತೆಗೆ ತಿಂಗಳ ಹೆಸರು ಯಾಕಪ್ಪ ಅಂತ ಕೇಳಿದ್ರೆ ಹುಡುಗನಿಗೂ ಸರಿಯಾಗಿ ಗೊತ್ತಿರಲಿಲ್ಲ. ಆ ರಸ್ತೇಲಿರೋ ಒಂದು ಸ್ಮಾರಕದ ಬುಡದಲ್ಲಿ ಯಾರೋ ಇಟ್ಟ ಕೆಂಪು ಕಾರ್ನೇಷನ್ ಎರಡು, ಮಳೇಲಿ ನೆಂದಿದ್ವು. ಅದರ ಕಥೆ ಮಾರನೇ ದಿನ ಗೊತ್ತಾಯ್ತು.

ದಿನ 3

ಅಲ್ಮಾಟಿಯಲ್ಲಿ ಎರಡು ರೈಲ್ವೆ ಸ್ಟೇಷನ್ ಇದೆ, ಅಲ್ಮಾಟಿ-1, ಅಲ್ಮಾಟಿ-2. ಊರ ನಡುವೆ ಇರೋದು 2. ನಾವು ಅಲ್ಲಿಗೆ ಹೋಗಿ ಅರ್ಧ ಗಂಟೆ ಆರಾಮಾಗಿ ಟೀ ಕುಡ್ಕೊಂಡು ಕೂತಿದ್ವಿ, ನಮ್ಮ ರೈಲು ಇದ್ದಿದ್ದು 1ರಿಂದ. ಟಿಕೆಟ್ ಮೇಲಿನ ಆ ಒಂದು ಅಂಕಿ ಯಾರೂ ನೋಡಿರಲಿಲ್ಲ. ಓಡಿ ಟ್ಯಾಕ್ಸಿ ಹಿಡಿದ್ರೂ ಟ್ರಾಫಿಕ್ಕು, ಅಷ್ಟೊತ್ತಿಗೆ ರೈಲು ಹೋಗಿತ್ತು. ಹುಡುಗ "ನಂದ ತಪ್ಪರಿ ಅಣ್ಣಾರ" ಅಂತ ಮುಖ ಸಣ್ಣ ಮಾಡ್ಕೊಂಡ, ಪಾಪ. ಕೊನೆಗೆ ಬಸ್‌ಸ್ಟ್ಯಾಂಡಿಗೆ ಹೋಗಿ ತಾಲ್ದಿಕೋರ್ಗಾನ್ ಕಡೆ ಹೋಗೋ ಒಂದು ಕಾರು ಮಾತಾಡಿಕೊಂಡ್ವಿ.

ಡ್ರೈವರಿಗೆ ಅರವತ್ತರ ಹತ್ರ, ಹುಡುಗ ಅವರನ್ನ "ಆಗಾ" ಅಂತ ಕರೀತಿದ್ದ, ನಮ್ಮಲ್ಲಿ ಅಣ್ಣ ಅಂದ ಹಂಗೆ. ಊರು ದಾಟಿದ ಮೇಲೆ ಬಯಲೇ ಬಯಲು. ಹುಲ್ಲೆಲ್ಲಾ ಒಣಗಿ ಚಿನ್ನದ ಬಣ್ಣ, ಬಲಗಡೆ ದೂರದಲ್ಲಿ ಹಿಮ ಹೊದ್ದ ಬೆಟ್ಟ, ಅಲ್ಲೊಂದು ಇಲ್ಲೊಂದು ಕುದುರೆ ಹಿಂಡು. ಒಂದು ಗಂಟೆ ಆದ್ಮೇಲೆ ಬೋರ್ಡ್ ಬಂತು, ಕೊನಾಯೆವ್. ಮುಂಚೆ ಈ ಊರಿನ ಹೆಸರು ಕಪ್ಚಗಾಯ್, 2022ರಲ್ಲಿ ಬದಲಾಯಿಸಿದ್ದು. ಆಗಾ ಸ್ಟೇರಿಂಗ್ ಮೇಲಿದ್ದ ಒಂದು ಬೆರಳೆತ್ತಿ ಆ ಬೋರ್ಡ್ ತೋರಿಸಿದ್ರು. ಅಲ್ಲಿಂದ ಶುರುವಾದ ಮಾತು ಸಾರಿಒಝೆಕ್ ದಾಟೋವರೆಗೂ ನಿಲ್ಲಲಿಲ್ಲ.

ಊರಿಗೆ ಇಟ್ಟಿರೋದು ದಿನ್‌ಮುಖಮೆದ್ ಕುನಾಯೆವ್ ಅನ್ನೋರ ಹೆಸರು, ಕಜಕ್ ಮನುಷ್ಯ, ಇಪ್ಪತ್ತು ವರ್ಷದ ಮೇಲೆ ಇಲ್ಲಿನ ಕಮ್ಯುನಿಸ್ಟ್ ಪಾರ್ಟಿ ಮುಖ್ಯಸ್ಥ. 1986 ಡಿಸೆಂಬರ್ 16ರಂದು ಮಾಸ್ಕೋದಿಂದ ಆರ್ಡರ್ ಬಂತು, ಅವರನ್ನ ತೆಗೆದು ಉಲ್ಯಾನೋವ್ಸ್ಕ್‌ನಿಂದ ಕೋಲ್ಬಿನ್ ಅನ್ನೋರನ್ನ ತಂದು ಕೂರಿಸಿದ್ರು, ಕಜಕಿಸ್ತಾನದಲ್ಲಿ ಒಂದು ದಿನಾನೂ ಕೆಲಸ ಮಾಡಿದೋರಲ್ಲ. ಮೀಟಿಂಗ್ 18 ನಿಮಿಷದಲ್ಲಿ ಮುಗೀತಂತೆ. ಆಗಾ ಆಗ ಇಪ್ಪತ್ತು ವರ್ಷದ ಸ್ಟೂಡೆಂಟು, ಹಾಸ್ಟೆಲಿನಲ್ಲಿದ್ರು. ಮಾರನೇ ದಿನ ಹುಡುಗರು ಹುಡುಗೀರು, ನಾವು ಹಿಂದಿನ ಸಂಜೆ ನೋಡಿದ್ದ ಅದೇ ಚೌಕದಲ್ಲಿ ಸೇರಿದ್ರು. "ಪ್ರತಿ ಜನಾಂಗಕ್ಕೂ ಅದರದ್ದೇ ನಾಯಕ" ಅನ್ನೋ ಬೋರ್ಡ್ ಹಿಡ್ಕೊಂಡು. ಲೆನಿನ್ ಹೇಳಿದ್ದನ್ನೇ ಕೇಳ್ತಿದ್ದೀವಿ, ನಮಗ್ಯಾರು ಏನು ಮಾಡ್ತಾರೆ ಅಂದ್ಕೊಂಡಿದ್ವಿ ಅಂದ್ರು. ಆ ಕೊರೆಯೋ ಚಳೀಲಿ ನೀರಿನ ಫಿರಂಗಿ ಬಿಟ್ರು, ನಾಯಿ ಬಿಟ್ರು, ಸೈನಿಕರು ಮಣ್ಣು ಅಗೆಯೋ ಸಣ್ಣ ಸನಿಕೆಯಲ್ಲಿ ಹೊಡೆದ್ರು. ಇವರನ್ನ ಲಾರಿಗೆ ತುಂಬಿ ಊರ ಹೊರಗೆ ಹಿಮದ ಬಯಲಲ್ಲಿ ಇಳಿಸಿ ಬಿಟ್ಟು ಹೋದ್ರಂತೆ, ನಡ್ಕೊಂಡೇ ವಾಪಸ್ ಬಂದ್ರಂತೆ, ಒದ್ದೆ ಬಟ್ಟೇಲಿ. ಟೋಪಿ ಸರಿಸಿ ಕಿವಿಯ ಹಿಂದಿನ ಗುರುತು ತೋರಿಸಿದ್ರು, ಬಿಳೀ ಗೆರೆ, ಸುತ್ತ ಕೂದಲು ಬೆಳೆದಿಲ್ಲ. ಕಾಲೇಜಿಂದ ತೆಗೆದುಹಾಕಿದ್ರು, ಎಂಜಿನಿಯರ್ ಆಗಬೇಕಿದ್ದೋರು ಅವತ್ತಿಂದ ಗಾಡಿ ಓಡಿಸ್ತಿದ್ದಾರೆ. ಕಯ್ರತ್ ರಿಸ್ಕುಲ್ಬೆಕೋವ್ ಅನ್ನೋ ಹುಡುಗನಿಗೆ ಮರಣದಂಡನೆ ಕೊಟ್ಟು ಆಮೇಲೆ 20 ವರ್ಷ ಜೈಲು ಅಂತ ಮಾಡಿದ್ರು, 1988ರಲ್ಲಿ ಜೈಲಲ್ಲೇ ತೀರಿಕೊಂಡ. ಮಾಸ್ಕೋದ ಪಾರ್ಟಿ ನಿರ್ಣಯದಲ್ಲಿ ಇದಕ್ಕೆಲ್ಲಾ ಇಟ್ಟ ಹೆಸರು ಕಜಕ್ ರಾಷ್ಟ್ರೀಯವಾದ. 1991ರಲ್ಲಿ ಇವರು ಸ್ವಾತಂತ್ರ್ಯ ಘೋಷಿಸಿದ್ದೂ ಅದೇ ಡಿಸೆಂಬರ್ 16.

ನಾನು ಕೇಳಿದೆ, ನಿಮ್ಮದೇ ಊರಲ್ಲಿ ನಿಮ್ಮವರೇ ಕಮ್ಮಿ ಇದ್ರಾ ಅಂತ. ಹೌದಂತೆ. 1930ರ ಶುರುವಿನಲ್ಲಿ ದನ ಕುರಿ ಕುದುರೆ ಎಲ್ಲಾ ಕಿತ್ಕೊಂಡು, ಅಲೆದಾಡೋ ಜನಾನ ಒಂದು ಕಡೆ ಕೂರಿಸಿದಾಗ ಬಂದ ಬರದಲ್ಲಿ ಸುಮಾರು 15 ಲಕ್ಷ ಜನ ಸತ್ರು, ಬಹುಪಾಲು ಕಜಕರು. ಇವರ ತಾತನ ಜೊತೆ ಹುಟ್ಟಿದ ಏಳು ಜನದಲ್ಲಿ ಉಳಿದಿದ್ದು ತಾತ ಒಬ್ಬರೇ. ಆಮೇಲೆ ಬೇರೆ ಬೇರೆ ಜನಾಂಗಗಳನ್ನ ಎತ್ತಾಕ್ಕೊಂಡು ಬಂದು ಇಲ್ಲಿ ಇಳಿಸಿದ್ರು, 1954ರಿಂದ ಹೊಸ ಹೊಲ ಉಳೋಕೆ ಅಂತ ಲಕ್ಷಗಟ್ಟಲೆ ಜನ ಬಂದ್ರು, 1959ರ ಜನಗಣತಿಯಲ್ಲಿ ಕಜಕರು ಅವರ ದೇಶದಲ್ಲೇ ಶೇಕಡಾ 30. ಅವರ ಕಾಲದಲ್ಲಿ ಅಲ್ಮಾಟಿಯ ಬಸ್ಸಲ್ಲಿ ಕಜಕ್ ಮಾತಾಡಿದ್ರೆ "ಮನುಷ್ಯರ ಭಾಷೇಲಿ ಮಾತಾಡು" ಅಂತ ಗದರೋರು ಇದ್ರಂತೆ.

ಅದಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಲಿಪಿ ವಿಷ್ಯ. ಅವರ ತಾತ ಕಜಕ್ ಬರೀತಿದ್ದಿದ್ದು ಅರಬ್ಬಿ ಅಕ್ಷರದಲ್ಲಿ. 1929ರಲ್ಲಿ ಅದನ್ನ ಬಿಡಿಸಿ ಲ್ಯಾಟಿನ್ ಮಾಡಿದ್ರು, ಅಪ್ಪ ಅದರಲ್ಲಿ ಓದಿದ್ರು. 1940ರಲ್ಲಿ ಅದನ್ನೂ ಬಿಡಿಸಿ ರಷ್ಯನ್ ಅಕ್ಷರ ತಂದ್ರು, ಇವರು ಅದರಲ್ಲಿ ಓದಿದ್ರು. ಈಗ ಮತ್ತೆ ಲ್ಯಾಟಿನ್‌ಗೆ ಹೋಗೋಣ ಅಂತಿದ್ದಾರೆ. ತಾತ ಬರೆದ ಕಾಗದ ಮನೇಲಿದೆ, ಓದೋಕೆ ಯಾರೂ ಇಲ್ಲ. ನಮ್ಮ ಬಾದಾಮಿ ಶಾಸನದ ಕಪ್ಪೆ ಅರಭಟ್ಟನ ಸಾಲನ್ನ ಸಾವಿರದ ಮುನ್ನೂರು ವರ್ಷ ಆದ್ಮೇಲೂ ನಮ್ಮ ಮಕ್ಕಳಿಗೆ ಪಾಠ ಮಾಡ್ತೀವಿ, ಇಲ್ಲಿ ತಾತನ ಕಾಗದ ಓದೋಕಾಗಲ್ಲ.

ದಿನ 4

ರಾತ್ರಿ ತಾಲ್ದಿಕೋರ್ಗಾನ್‌ನಲ್ಲಿ ಉಳ್ಕೊಂಡು ಬೆಳಿಗ್ಗೆ ಉಷ್ತೋಬೆಗೆ ಹೋದ್ವಿ. ಉಷ್ ತೋಬೆ ಅಂದ್ರೆ ಮೂರು ದಿಬ್ಬ. ಸಣ್ಣ ರೈಲ್ವೆ ಊರು, ಮಧ್ಯ ಏಷ್ಯಾನ ಸೈಬೀರಿಯಾಗೆ ಸೇರಿಸೋ ತುರ್ಕ್‌ಸಿಬ್ ಲೈನ್ ಇಲ್ಲೇ ಹೋಗುತ್ತೆ. ಬಿಸಿಲಿತ್ತು, ಆದ್ರೆ ಗಾಳಿ ಮುಖ ಕೊಯ್ಯೋ ಹಂಗೆ, ಮಫ್ಲರ್ ಇಲ್ಲದೆ ಯಾರೂ ಹೋಗಬೇಡಿ.

ಊರ ಹೊರಗೆ ಬಾಸ್ತೋಬೆ ಅಂತ ಬೋಳು ದಿಬ್ಬ. ಒಂದು ಮರ ಇಲ್ಲ. 1937ರಲ್ಲಿ ಮೊದಲು ಬಂದೋರನ್ನ ಈ ಕಡೆ ಇಳಿಸಿದ್ದು. ಮನೆ ಇಲ್ಲ, ದಿಬ್ಬದ ಮೈ ಕೊರೆದು ಗುಂಡಿ ತೋಡಿ ಅದರೊಳಗೆ ಚಳಿಗಾಲ ಕಳೆದ್ರು. ಆ ಗುಂಡಿಗಳು ಈಗ ಸಣ್ಣ ತಗ್ಗು ಅಷ್ಟೇ, ಹುಲ್ಲು ಬೆಳೆದಿದೆ, ತೋರಿಸದೇ ಇದ್ರೆ ಗೊತ್ತೇ ಆಗಲ್ಲ. ಅಲ್ಲಿರೋ ಕಲ್ಲಿನ ಮೇಲೆ ತಾರೀಖು ಬರೆದಿದೆ, 1937 ಅಕ್ಟೋಬರ್ 9ರಿಂದ 1938 ಏಪ್ರಿಲ್ 10. ನಾವು ನಿಂತಿದ್ದೂ ಅಕ್ಟೋಬರ್, ಉಲ್ಲನ್ ಸ್ವೆಟರ್ ಮೇಲೆ ಜಾಕೆಟ್ ಹಾಕಿದ್ರೂ ನಡುಗ್ತಿದ್ವಿ. ನನ್ನ ಹೆಂಡತಿ ಒಂದು ತಗ್ಗಿನೊಳಗೆ ಇಳಿದು ಕೂತು ನೋಡಿದ್ಳು, ಎದ್ದು ಬಂದ್ಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ.

ಪಕ್ಕದಲ್ಲೇ ಸ್ಮಶಾನ. ಹಳೇ ಕಲ್ಲುಗಳ ಮೇಲೆ ಕೊರಿಯನ್ ಅಕ್ಷರ, ಆಮೇಲಿನವುಗಳ ಮೇಲೆ ರಷ್ಯನ್. ಹೆಸರು ರಷ್ಯನ್, ಮನೆತನ ಮಾತ್ರ ಕಿಮ್, ಪಾಕ್, ತ್ಸೋಯ್. 1938ರಲ್ಲಿ ಕೊರಿಯನ್ ಶಾಲೆಗಳನ್ನೆಲ್ಲಾ ರಷ್ಯನ್ ಮಾಡಿದ್ರಂತೆ. ನಾಟಕ ಕಂಪನಿ ಉಳಿಸಿದ್ರು, ಕೊರಿಯನ್ ಪೇಪರ್ ಉಳಿಸಿದ್ರು, ಎರಡೂ ಈಗಲೂ ಅಲ್ಮಾಟಿಯಲ್ಲಿವೆ. ಆ ನಾಟಕ ನೋಡಿ ಅರ್ಥ ಮಾಡ್ಕೊಳ್ಳೋಕೆ ಬೇಕಾದ ಭಾಷೆ ಕಲಿಸೋ ಶಾಲೆ ಮಾತ್ರ ಇಲ್ಲದಂಗಾಯ್ತು. ನನ್ನ ಗಣಿತದ ಪುಸ್ತಕದ ಮೇಲಿನ ಫೋಟೋ ಆಗ ಕಣ್ಮುಂದೆ ಬಂತು, ಉಡುಪು, ಕುಣಿತ, ನಗು.

ಅಜ್ಜಿ ಮನೆ ತಲುಪಿದಾಗ ಒಂದು ಗಂಟೆ. ಬಾಗಿಲಲ್ಲೇ ನಿಂತು ಕಾಯ್ತಿದ್ರು, ತಲೆಗೆ ಹೂವಿನ ಸ್ಕಾರ್ಫು. ಒಳಗೆ ಮೇಜಿನ ಮೇಲೆ ಮುಚ್ಚಿಟ್ಟಿದ್ದನ್ನ ತೆಗೆದ್ರು ನೋಡಿ, ಅನ್ನ! ಬಿಳೀ ಅನ್ನ, ಹಬೆಯಾಡ್ತಿತ್ತು. ಪಾಬಿ ಅಂತಾರೆ. ನಾಲ್ಕು ದಿನದಿಂದ ಬರೀ ಬ್ರೆಡ್ ತಿಂದಿದ್ದ ನನಗೆ ಕಣ್ಣು ಒದ್ದೆ ಆಯ್ತು. ಖಾರದ ಎಲೆಕೋಸು, ಬದನೆಕಾಯಿ, ಕ್ಯಾರೆಟ್. ಮಾಂಸ ತಿನ್ನಲ್ಲ ಅಂತ ಬಜಾರಿನ ಆಂಟಿ ಮೊದಲೇ ಹೇಳಿಟ್ಟಿದ್ರು. ಅಕ್ಕಿ ಇಲ್ಲಿಂದೇ, ಕರತಾಲ್ ನದಿ ಬಯಲಿನದ್ದು, ಈ ಕಡೆ ಭತ್ತ ಬೆಳೆಸಿದ್ದು ಕೊರಿಯನ್ನರೇ. ಮೊದಲ ಚಳಿಗಾಲ ಕಜಕರು ರೊಟ್ಟಿ ಕೊಡದೇ ಇದ್ದಿದ್ರೆ ನಮ್ಮಮ್ಮ ಉಳೀತಿರಲಿಲ್ಲ, ಅವರ ಮನೇಲೂ ಬರ ಕಳೆದು ನಾಲ್ಕೇ ವರ್ಷ ಆಗಿತ್ತು, ಆದ್ರೂ ಕೊಟ್ರು ಅಂದ್ರು ಅಜ್ಜಿ. ಆ ಕೃತಜ್ಞತೆಗೆ ಬಾಸ್ತೋಬೆಯಲ್ಲೂ ಒಂದು ಕಲ್ಲು ನಿಲ್ಲಿಸಿದ್ದಾರೆ.

ಅಜ್ಜಿ ಹುಟ್ಟಿದ್ದು ಇಲ್ಲೇ, 1941ರಲ್ಲಿ. ಗಂಡ ಜರ್ಮನ್. ವೋಲ್ಗಾ ತೀರದ ಜರ್ಮನ್ನರನ್ನ 1941ರ ಆಗಸ್ಟ್ ಆರ್ಡರಿನಲ್ಲಿ ಒಕ್ಕಲೆಬ್ಬಿಸಿದ್ರಲ್ಲ, ಆಗ ಮೂರು ವರ್ಷದ ಮಗು. ಇಬ್ಬರೂ ಒಂದೇ ಕಲ್ಖೋಜಿನ (ಸೋವಿಯತ್ ಕಾಲದ ಸಾಮೂಹಿಕ ಬೇಸಾಯದ ಜಮೀನು) ಗದ್ದೇಲಿ ಕೆಲಸ ಮಾಡ್ತಾ ಮದುವೆ ಆದ್ರು, ಮನೇಲಿ ಮಾತು ರಷ್ಯನ್. ಒಂದು ಪ್ಲಾಸ್ಟಿಕ್ ಕವರಿಂದ ಹಳೇ ಜೆರಾಕ್ಸ್ ತೆಗೆದು ಮೇಜಿನ ಮೇಲಿಟ್ರು, ಮಗನ ಬರ್ತ್ ಸರ್ಟಿಫಿಕೇಟು. ಮಡಿಚಿದ ಕಡೆ ಹರಿದು ಟೇಪ್ ಅಂಟಿಸಿದೆ. ಅಪ್ಪನ ಹೆಸರಿನ ಮುಂದೆ ಜನಾಂಗ, ಜರ್ಮನ್. ಅಮ್ಮನ ಹೆಸರಿನ ಮುಂದೆ ಜನಾಂಗ, ಕೊರಿಯನ್. ಸೋವಿಯತ್ ಪಾಸ್‌ಪೋರ್ಟಿನಲ್ಲಿ ಎಲ್ಲರಿಗೂ ಜನಾಂಗ ಅಂತ ಒಂದು ಸಾಲು ಇರ್ತಿತ್ತು, ಬಾಯಿಮಾತಲ್ಲಿ ಐದನೇ ಕಾಲಂ ಅನ್ನೋರು. 16 ವರ್ಷಕ್ಕೆ ಪಾಸ್‌ಪೋರ್ಟ್ ಕೊಡುವಾಗ ಅಪ್ಪಂದೋ ಅಮ್ಮಂದೋ ಒಂದನ್ನ ಆರಿಸಬೇಕು, ಎರಡೂ ಅನ್ನೋಕಾಗಲ್ಲ, ಎರಡೂ ಅಲ್ಲ ಅನ್ನೋಕೂ ಆಗಲ್ಲ. ಮಗ 1980ರಲ್ಲಿ ಜರ್ಮನ್ ಅಂತ ಬರೆಸಿದ. ಮಗಳು ನಾಲ್ಕು ವರ್ಷ ಆದ್ಮೇಲೆ ಕೊರಿಯನ್ ಅಂತ ಬರೆಸಿದ್ಳು, ಅಮ್ಮನಿಗೆ ಬೇಜಾರಾಗಬಾರದು ಅಂತ. ಆಗ ಅದೊಂದು ಮಾತೇ ಅಲ್ಲ ಅಂದ್ರು ಅಜ್ಜಿ, ಊಟಕ್ಕೆ ಕೂತಾಗ ಯಾರು ಯಾವ ಕಡೆ ಅಂತ ನಗ್ತಿದ್ರಂತೆ. ದೇಶ ಒಡೆದ ಮೇಲೆ ಆ ಒಂದು ಸಾಲು ಹಿಡ್ಕೊಂಡು ಮಗ 1993ರಲ್ಲಿ ಜರ್ಮನಿಗೆ ಹೋದ. ಮಗಳು ಅವಳ ಸಾಲು ಹಿಡ್ಕೊಂಡು ಕೊರಿಯಾಗೆ ಹೋಗಿ ಆನ್ಸಾನ್ ಅನ್ನೋ ಊರಲ್ಲಿ ಫ್ಯಾಕ್ಟರಿ ಕೆಲಸ ಮಾಡ್ತಿದ್ದಾಳೆ. ಅಣ್ಣ ತಂಗಿ ಮುಖ ನೋಡಿ ಹನ್ನೊಂದು ವರ್ಷ ಆಯ್ತು.

ಸೋವಿಯತ್ ಕಾಲ ಕೆಟ್ಟದ್ದಾಗಿತ್ತಾ ಅಂತ ಕೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಬಟ್ಟಲು ತಿರುಗಿಸ್ತಾ ಕೂತಿದ್ರು. ಶಾಲೆ ಇತ್ತು, ಡಾಕ್ಟರ್ ಇದ್ರು, ಸಂಬಳ ಬರ್ತಿತ್ತು, ಗಂಡ ಬದುಕಿದ್ರು, ಮಕ್ಕಳು ಮನೇಲಿದ್ರು ಅಂದ್ರು. ನಮ್ಮಪ್ಪ ಸಾಯೋವರೆಗೂ ರಾತ್ರಿ ಗೂಡ್ಸ್ ರೈಲಿನ ಸದ್ದಿಗೆ ಎದ್ದು ಕೂರ್ತಿದ್ರು ಅಂತನೂ ಅಂದ್ರು. ಎರಡನ್ನೂ ಒಂದೇ ದನೀಲಿ ಹೇಳಿದ್ರು. ಇದರಲ್ಲಿ ಒಂದನ್ನ ಇಟ್ಕೊಂಡು ಇನ್ನೊಂದನ್ನ ಬಿಡೋ ಹಕ್ಕು ನನಗಿಲ್ಲ ಅನ್ನಿಸ್ತು.

ಆಮೇಲೆ ನಮ್ಮ ಪಾಸ್‌ಪೋರ್ಟ್ ಇಸ್ಕೊಂಡು ನೋಡಿದ್ರು. ಇಂಡಿಯನ್ ಅಂತ ಹುಡುಗ ಓದಿದ. ಅದು ದೇಶ, ನೀವು ಯಾರು ಅಂದ್ರು. ಕನ್ನಡದವರು ಅಂದೆ. "ಕನಾದಾ?" ಅಂತ ಅಚ್ಚರಿಯಿಂದ ಕೇಳಿದ್ರು, ಕೆನಡಾ ಅಂತ ತಿಳ್ಕೊಂಡ್ರು. ನನ್ನ ಹೆಂಡತಿ ಪೇಪರ್ ಮೇಲೆ ಭಾರತದ ಮ್ಯಾಪ್ ಬರೆದು ನಮ್ಮ ಜಾಗ ತೋರಿಸಿ, ಕೆಳಗೆ "ಕನ್ನಡ" ಅಂತ ಬರೆದ್ಳು. 1956ರಲ್ಲಿ ಭಾಷೆ ನೋಡಿ ರಾಜ್ಯ ಮಾಡಿದ್ದು, ಯಾರನ್ನೂ ರೈಲಿಗೆ ತುಂಬಲಿಲ್ಲ ಅಂತ ಹುಡುಗ ವಿವರಿಸಿದ. ಅಜ್ಜಿ ಆ ಅಕ್ಷರದ ಮೇಲೆ ಬೆರಳಾಡಿಸಿ, ದುಂಡಗಿದೆ ಅಂದ್ರು. ಆ ಪೇಪರನ್ನೂ ಜೆರಾಕ್ಸ್ ಜೊತೆ ಕವರಲ್ಲಿಟ್ರು.

ದಿನ 5

ವಾಪಸ್ ಬರೋಕೂ ಆಗಾನೇ ಬಂದ್ರು. ದಾರೀಲಿ ಅವರ ಮೊಮ್ಮಗಳ ವಾಯ್ಸ್ ಮೆಸೇಜ್ ಬಂತು, ಎರಡನೇ ಕ್ಲಾಸು, ಕಜಕ್ ಮೀಡಿಯಂ. ತಾತ ರಷ್ಯನ್ ಬೆರೆಸಿ ಮಾತಾಡಿದ್ರೆ ಅವಳು ತಿದ್ದುತ್ತಾಳಂತೆ. ಹಂಗೆ ಅರೆಬರೆ ಮಾತಾಡೋರಿಗೆ "ಶಾಲಾ ಕಜಕ್" ಅಂತಾರಂತೆ, ಶಾಲಾ ಅಂದ್ರೆ ಅವರಲ್ಲಿ ಅರ್ಧಂಬರ್ಧ. ಶಾಲೆಯಿಂದಲೇ ಅರ್ಧ ಆದೋರಿಗೆ ನಮ್ಮ ಪದಾನೇ ಕೂತ ಹಂಗಿದೆ. ಮೂರು ವರ್ಷದಿಂದ ಇಲ್ಲಿರೋ ನಮ್ಮ ಹುಡುಗನಿಗೂ ಬರೋದು ರಷ್ಯನ್ ಒಂದೇ, "ಕಜಕ್ ಬ್ಯಾಡ್ರಿ, ರಷ್ಯನ್ ಬಂದ್ರ ಎಲ್ಲಾ ನಡೀತೈತಿ ಅಂತ ಸೀನಿಯರ್ಸ್ ಹೇಳಿದ್ರು" ಅಂದ. ಬೆಂಗಳೂರಿನಲ್ಲಿ ಇದೇ ಮಾತು ಎಷ್ಟು ಸಲ ಕೇಳಿದ್ದೀನೋ. ಅವತ್ತು ಇಳಿಯುವಾಗ ಅವನು "ರಹ್ಮೆತ್, ಆಗಾ" ಅಂತ ಕಜಕ್‌ನಲ್ಲಿ ಥ್ಯಾಂಕ್ಸ್ ಹೇಳಿದ. ಆಗಾ ಅವನ ತಲೆ ಸವರಿ ಏನೋ ಉದ್ದಕ್ಕೆ ಹೇಳಿದ್ರು, ನಮಗ್ಯಾರಿಗೂ ತಿಳೀಲಿಲ್ಲ, ಹುಡುಗನಿಗೂ.

ಅಜ್ಜಿ ಎರಡು ಕೆಜಿ ಅಕ್ಕಿ ಬಟ್ಟೆ ಚೀಲದಲ್ಲಿ ಕಟ್ಟಿಕೊಟ್ಟಿದ್ರು. ದೀಪಾವಳಿ ದಿನ ಅದರಲ್ಲಿ ಅನ್ನ ಮಾಡಿದ್ವಿ. ಕಾಳು ದುಂಡು, ಸ್ವಲ್ಪ ಅಂಟಾಗುತ್ತೆ, ಸಾರನ್ನಕ್ಕೆ ಅಷ್ಟು ಹೊಂದಲ್ಲ, ಮೊಸರನ್ನಕ್ಕೆ ಬಹಳ ಚೆನ್ನಾಗಿದೆ. ಪಕ್ಕದಲ್ಲಿ ಕ್ಯಾರೆಟ್, ಕೊತ್ತಂಬರಿ ಪುಡಿ ಹಾಕಿ ಕಾದ ಎಣ್ಣೆ ಸುರಿದು, ಈ ಸಲ ಸಾಸಿವೇನೂ ಸೇರಿಸಿ. ಡಬ್ಬದಲ್ಲಿ ಇನ್ನೂ ಅರ್ಧ ಕೆಜಿ ಉಳಿದಿದೆ.